ಉಪ್ಪಿನ ಉಗ್ರಾಣದ ಮೂರು ಬಾಗಿಲು

ನನ್ನ ತಮ್ಮನಿಗೆ ಯಾವ ಸಾಹಸವೂ ಇಪ್ಪತ್ತು ನಿಮಿಷದೊಳಗೆ ಮುಗಿಯಬೇಕು. ಇಪ್ಪತ್ತೈದಕ್ಕೆ ಹೋದರೆ ಅವನು ನಕ್ಷೆಯಿಂದ ತಲೆ ಎತ್ತಿ, "ಅಕ್ಕಾ, ನಾವು ಈ ಗುಹೆಗೆ ಯಾಕೆ ಬಂದ್ವಿ?" ಎಂದು ಕೇಳುತ್ತಾನೆ. ಆಗ ಗುಡಿಯಿಂದ ಕಳೆದುಹೋದ ಗಂಟೆ, ಅಳುತ್ತಿದ್ದ ಹಳ್ಳಿಯವರು, ಒಪ್ಪಿಕೊಂಡ ಬಹುಮಾನ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಹೇಳಿ ಮುಗಿಸುವಷ್ಟರಲ್ಲಿ ಇನ್ನೊಮ್ಮೆ ಕೇಳುತ್ತಾನೆ.

ಎರಡು ವರ್ಷದ ಹಿಂದೆ ಅವನಿಗೆ ಮೆದುಳಿನ ಜ್ವರ ಬಂತು. ಜ್ವರ ಹನ್ನೊಂದು ದಿನಕ್ಕೆ ಇಳಿಯಿತು. ಅದಕ್ಕೆ ಮುಂಚಿನದೆಲ್ಲ ಅವನಲ್ಲಿ ಭದ್ರವಾಗಿದೆ: ಶಾಲೆಯ ಹಾಜರಿ ಸಂಖ್ಯೆ, ನಾನು ಚಿಕ್ಕಂದಿನಲ್ಲಿ ಅವನಿಗೆ ಕೊಟ್ಟ ಏಟುಗಳು, ಆಟದ ಅಷ್ಟೂ ನಿಯಮಗಳು. ಅದರ ನಂತರದ್ದು ಯಾವುದೂ ನಿಲ್ಲುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಮೇಜು, ಕಾಗದದ ನಕ್ಷೆ, ಕೆಲವು ದಾಳ. ಒಬ್ಬರು ಕಥೆ ನಡೆಸುತ್ತಾರೆ, ಅಪಾಯ ಬಂದಾಗ ದಾಳ ಉರುಳಿಸಿ ಪೆಟ್ಟು ಎಷ್ಟೆಂದು ಹೇಳುತ್ತಾರೆ. ಉಳಿದವರು ಒಬ್ಬೊಬ್ಬ ಪಾತ್ರವಾಗಿ ಆ ಕಥೆಯೊಳಗೆ ಹೋಗುತ್ತಾರೆ. ಸಾಹಸ ಮುಗಿಸಿದಂತೆ ಪಾತ್ರದ ಶಕ್ತಿ ಒಂದನೇ ಲೆವೆಲ್ಲಿನಿಂದ ಎರಡಕ್ಕೆ, ಮೂರಕ್ಕೆ ಏರುತ್ತದೆ. ತಮ್ಮ ಹನ್ನೆರಡು ವರ್ಷ ಈ ಆಟ ನಡೆಸಿದವನು. ಅವನ ಗೆಳೆಯ ಕೆಲಸ ಮಾಡುವ ಕನ್ನಡಕದ ಅಂಗಡಿಯ ಮಹಡಿಯಲ್ಲಿ ಪ್ರತಿ ಶನಿವಾರ ಹೊಸಬರನ್ನು ಕೂರಿಸಿಕೊಂಡು ಕಲಿಸುತ್ತಿದ್ದ. ಮನೆಗೆ ಬಂದು, ನಾನು ಕೇಳದಿದ್ದರೂ ವಿವರಿಸುತ್ತಿದ್ದ. "ಹೊಸಬರ ಸಾಹಸ ಬರೆಯೋದೇ ಕಷ್ಟ ಅಕ್ಕಾ. ನಾಲ್ಕು ಏಟಿಗೆ ಸಾಯೋನಿಗೆ ಹೋಗಿ ರಾಜ್ಯ ಉಳಿಸು ಅನ್ನೋಕಾಗಲ್ಲ. ಕಳೆದುಹೋದ ಎಮ್ಮೆ ಹುಡುಕು ಅನ್ನಬೇಕು."

ಈಗ ಅವನೇ ಕಾಯಂ ಹೊಸಬ. ಪ್ರತಿ ಶನಿವಾರವೂ ಅವನಿಗೆ ಮೊದಲ ಶನಿವಾರ. ಅವನ ಪಾತ್ರ, ಬೀಗ ಬಿಚ್ಚುವ ಕಳ್ಳ, ಒಂದನೇ ಲೆವೆಲ್ ದಾಟಿಲ್ಲ. ದಾಟಿದನೆಂದು ಹಾಳೆಯಲ್ಲಿ ಬರೆದು ತೋರಿಸಿದರೆ, "ಇದು ಯಾರ ಹಾಳೆ?" ಎನ್ನುತ್ತಾನೆ.

ಹಾಗಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಓದಿದ್ದು ರಸಾಯನಶಾಸ್ತ್ರ, ಕೆಲಸ ಕುಡಿಯುವ ನೀರಿನ ಪರೀಕ್ಷಾಲಯದಲ್ಲಿ. ಕಥೆ ಕಟ್ಟುವುದು ನನಗೆ ಬರುವುದಿಲ್ಲ, ಆದರೆ ಕ್ರಮ ಬರುತ್ತದೆ. ಒಂದು ಸಾಹಸಕ್ಕೆ ಒಂದೇ ಕಾರ್ಡು, ನಾಲ್ಕೇ ಸಾಲು: ಎಲ್ಲಿ, ಏನು ಕಳೆದಿದೆ, ಯಾರು ಸುಳ್ಳು ಹೇಳುತ್ತಿದ್ದಾರೆ, ಅಪಾಯ ಯಾವುದು. ಒಂದು ಊರಿನ ದೀಪಗಳೆಲ್ಲ ಹಸಿರಾಗಿ ಉರಿಯುತ್ತಿವೆ. ಎಣ್ಣೆ ಮಾರುವವನು ತನಗೇನೂ ಗೊತ್ತಿಲ್ಲ ಎನ್ನುತ್ತಾನೆ, ಅವನ ಉಗುರುಗಳಲ್ಲಿ ತಾಮ್ರದ ಪುಡಿ. ಒಬ್ಬ ದೋಣಿಯವನ ನೆರಳು ಆಚೆ ದಡದಲ್ಲೇ ಇಳಿದುಬಿಟ್ಟಿದೆ. ವಾಪಸು ಬಾ ಎಂದರೆ ರಜೆ ಕೇಳುತ್ತಿದೆ. ಇನ್ನೂರು ವರ್ಷದ ಹಳೆಯ ಸಮಾಧಿಯೊಳಗೆ ಯಾರೋ ಸೀನುತ್ತಿದ್ದಾರೆ. ಇಂಥವು ಮೂವತ್ತೊಂದು ಕಾರ್ಡು ಆದವು.

ತಮ್ಮನಿರುವ, ನೆನಪು ಕಳೆದುಕೊಂಡವರ ಆರೈಕೆ ಕೇಂದ್ರಕ್ಕೆ ಎರಡು ಅಂತಸ್ತು. ಕೆಳಗೆ ತರಬೇತಿ: ಆರು ಜನಕ್ಕೆ ಜಾಗ, ಆರು ತಿಂಗಳ ಅವಧಿ. ಅವಧಿಯ ಕೊನೆಯಲ್ಲಿ ದೊಡ್ಡ ಡಾಕ್ಟರು ಬಂದು ನೋಡುತ್ತಾರೆ. ಒಂದು ವಾರದ್ದು ಮುಂದಿನ ವಾರಕ್ಕೆ ಏನಾದರೂ ಉಳಿಯುತ್ತಿದ್ದರೆ ಇನ್ನಾರು ತಿಂಗಳು. ಇಲ್ಲದಿದ್ದರೆ ಆ ಜಾಗ ಕಾಯುತ್ತಿರುವ ಬೇರೆಯವರಿಗೆ, ರೋಗಿ ಮೇಲಿನ ಅಂತಸ್ತಿಗೆ. ಮೇಲೆ ಹೋಗಿ ನೋಡಿ ಬಂದಿದ್ದೆ. ಬಾಗಿಲಿಗೆ ಹೊರಗಿನಿಂದ ಬೀಗ. ಟೀವಿ ಸದ್ದಿಲ್ಲದೆ ಓಡುತ್ತಿತ್ತು. ಒಬ್ಬರು ಟವೆಲು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದರು. ಮನೆಯವರಿಗೆ ತಿಂಗಳಿಗೊಂದು ಗಂಟೆ ಅವಕಾಶ. ಆಟ, ಗುಂಪು, ಏನೂ ಇಲ್ಲ. "ಇಲ್ಲಿಂದ ಕೆಳಗೆ ಹೋದವರು ಇದ್ದಾರಾ?" ಎಂದು ನರ್ಸನ್ನು ಕೇಳಿದೆ. ಅವಳು ಲಿಫ್ಟಿನ ಗುಂಡಿ ಒತ್ತಿ, "ನೀವು ಇಳೀತೀರಲ್ಲ, ಬನ್ನಿ" ಎಂದಳು.

ಮನೆಯಲ್ಲಿಟ್ಟುಕೊಂಡೂ ನೋಡಿದ್ದೆ, ಹತ್ತು ತಿಂಗಳು. ನಾನು ಕೆಲಸಕ್ಕೆ ಹೋದಾಗ ಎರಡು ಸಲ ಗ್ಯಾಸು ಹಚ್ಚಿಟ್ಟು ಮರೆತ. ಮೂರನೇ ಸಲ ಪಕ್ಕದ ಮನೆಯವರು ಬಾಗಿಲು ಒಡೆದರು. ನಾನು ಕೆಲಸ ಬಿಡುವ ಹಾಗಿರಲಿಲ್ಲ.

ಹಾಗಾಗಿ ಏನಾದರೂ ಉಳಿಯುತ್ತದೆಯೇ ಎಂದು ನಾನೇ ಪರೀಕ್ಷೆ ಇಟ್ಟೆ. ಪ್ರತಿ ಶನಿವಾರ ಮಧ್ಯಾಹ್ನ ಮೂರು ಹೊಸ ಸಾಹಸಗಳ ನಡುವೆ ಒಂದು ಹಳೆಯದು, ಪ್ರತಿ ಸಲವೂ ಅದೇ. ಉಪ್ಪಿನ ಉಗ್ರಾಣ. ಒಳಗೆಲ್ಲೋ ವ್ಯಾಪಾರಿಯ ಹೇಸರಗತ್ತೆ ಸಿಕ್ಕಿಕೊಂಡು ಕೂಗುತ್ತಿದೆ. ಮೂರು ಬಾಗಿಲು. ಎಡಗಡೆಯದರ ಹಿಂದೆ ನೆಲವೆಂದು ಕಾಣುವುದು ಉಪ್ಪಿನ ತೆಳು ಪದರ, ಕೆಳಗೆ ಹೊಂಡ. ನಡುವಿನದರ ಹಿಂದೆ ಪಂಜು ಆರಿಸುವ ಕೆಟ್ಟ ಗಾಳಿ. ಬಲಗಡೆಯದರಲ್ಲಿ ಹೇಸರಗತ್ತೆ.

ಆಡುತ್ತಿದ್ದವರು ಇಬ್ಬರೇ, ತಮ್ಮ ಮತ್ತು ಕನ್ನಡಕದಂಗಡಿಯ ಆ ಗೆಳೆಯ. ಆರಡಿ ಮೂರಂಗುಲದ ಅವನನ್ನು ಎಲ್ಲರೂ ಕರೆಯುವುದು ಏಣಿ ಎಂದು. ಅವನ ಪಾತ್ರ ಬಾಣಲೆ ಹಿಡಿದ ಅಡುಗೆಯವನು, ಅಪಾಯ ಬಂದರೆ ಮೊದಲು ಓಡುವುದು ಅವನ ವಿಶೇಷ ವಿದ್ಯೆ. ಉಪ್ಪಿನ ಉಗ್ರಾಣ ಬಂದಾಗ ಮಾತ್ರ ಅವನು ಹೊರಗೇ ನಿಂತು ವ್ಯಾಪಾರಿಯ ಹತ್ತಿರ ಹರಟೆ ಹೊಡೆಯಬೇಕೆಂದು ಹೇಳಿಟ್ಟಿದ್ದೆ. ಉತ್ತರ ಗೊತ್ತಿರುವವನು ಪಕ್ಕದಲ್ಲಿದ್ದರೆ ಪರೀಕ್ಷೆ ಕೆಡುತ್ತದೆ. ಅಷ್ಟು ಜಾಗ್ರತೆ ನನಗಿತ್ತು.

ಮೊದಲ ವಾರ ತಮ್ಮ ಎಡ ಬಾಗಿಲು ತೆಗೆದ. ಎರಡನೇ ವಾರ ನಡುವಿನದು. ಮೂರನೇ ವಾರ ಬಲ. ನಾಲ್ಕನೇ ವಾರ ಬಲ. ಎಂಟನೇ ವಾರದವರೆಗೂ ಬಲ, ಸತತ ಆರು ಸಲ. ಕುರುಡಾಗಿ ಆರಿಸಿ ಹಾಗಾಗುವ ಸಾಧ್ಯತೆ ಏಳುನೂರ ಇಪ್ಪತ್ತೊಂಬತ್ತರಲ್ಲಿ ಒಂದು. ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂದೆ ಅದನ್ನು ಗುಣಿಸಿದೆ, ಇಳಿಯುವ ನಿಲ್ದಾಣ ದಾಟಿಹೋಯಿತು.

ಕೇಂದ್ರದ ತರಬೇತಿ ಮೇಡಂಗೆ ತೋರಿಸಿದಾಗ ಅವರು ಕುರ್ಚಿಯಿಂದ ಎದ್ದೇ ನಿಂತರು. "ಇದನ್ನೇ ಡಾಕ್ಟ್ರ ಮುಂದೆ ಮಾಡಿಸೋಣ. ಮಾತಲ್ಲಿ ನೆನಪಿಲ್ಲದೇ ಇದ್ರೂ ಒಳಗೆಲ್ಲೋ ಕೂತಿದೆ ನೋಡಿ. ಅಷ್ಟು ಸಾಕು ಅವರಿಗೆ."

ಒಂಬತ್ತನೇ ಶನಿವಾರವೂ ಬಲಗಡೆಯ ಬಾಗಿಲು ತೆಗೆದ. ನನಗೆ ತಡೆಯಲಾಗಲಿಲ್ಲ. "ಬಲಗಡೆಯದ್ದೇ ಅಂತ ಹೇಗೆ ಗೊತ್ತಾಯ್ತೋ?" ಎಂದು ಕೇಳಿದೆ. ನೆನಪು ಎಂಬ ಮಾತು ಅವನ ಬಾಯಿಂದ ಬರಲಿ ಎಂದು ಆಸೆ.

ಅವನು ಕಣ್ಣು ಕಿರಿದು ಮಾಡಿ ನಕ್ಕ. "ಹೇಳಿದ್ರೆ ಬೇಜಾರು ಮಾಡ್ಕೋತೀಯ."

"ಇಲ್ಲ, ಹೇಳು."

"ನೀನು ಹೊಸಬಳು ಅಕ್ಕಾ. ಬಲೆ ಇರೋ ಕಡೆ ಬೆರಳಿಟ್ರೆ ನಿನ್ನ ಕೈ ದಾಳಕ್ಕೆ ಹೋಗುತ್ತೆ."

ಏಣಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನನ್ನ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

ಅವರ ಗುಂಪಿನಲ್ಲಿ ಹಳೆಯ ಪದ್ಧತಿಯೊಂದಿದೆ. ನಕ್ಷೆಯ ಮೇಲೆ ಎಲ್ಲಿ ಬೇಕಾದರೂ ಬೆರಳಾಡಿಸಬಹುದು, ಅದು ಲೆಕ್ಕಕ್ಕಿಲ್ಲ. 'ತೆಗೆದೆ' ಎಂದು ಬಾಯಲ್ಲಿ ಹೇಳಿದ್ದೇ ಲೆಕ್ಕ. ನಾನೂ ಹಾಗೇ ದಾಖಲಿಸಿದ್ದೆ, ಬಾಯಲ್ಲಿ ಹೇಳಿದ್ದನ್ನು ಮಾತ್ರ. ಬಲ ಬಾಗಿಲು ತೆಗೆದ ಪ್ರತಿ ವಾರವೂ ತಮ್ಮ ಮೊದಲು ಎಡಕ್ಕೋ ನಡುವಿಗೋ ಬೆರಳಿಟ್ಟು, ಕ್ಷಣ ನಿಂತು, ಬಲಕ್ಕೆ ಸರಿಯುತ್ತಿದ್ದ. ಕಣ್ಣೆದುರೇ ನಡೆದದ್ದು, ಆದರೆ ನನ್ನ ಪಟ್ಟಿಯಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ. ಮೊದಲೆರಡು ವಾರ ದಾಳಗಳು ನನ್ನ ಚೀಲದೊಳಗೆ ಡಬ್ಬಿಯಲ್ಲಿದ್ದವು. ಬೇಕಾದಾಗ ಹುಡುಕಿ ತೆಗೆಯುತ್ತಿದ್ದೆ. ಮೂರನೇ ವಾರದಿಂದ ಏಣಿ ತಂದುಕೊಟ್ಟ ಬಟ್ಟಲಲ್ಲಿ, ನನ್ನ ಬಲಗೈ ಹತ್ತಿರ. ಏಣಿಯನ್ನು ಹೊರಗೆ ನಿಲ್ಲಿಸಿದ್ದೆ, ನನ್ನನ್ನು ನಿಲ್ಲಿಸಿರಲಿಲ್ಲ.

ತಮ್ಮ ಬಳಸಿದ್ದು ಹನ್ನೆರಡು ವರ್ಷದ ಹಳೆಯ ವಿದ್ಯೆ. ಹೊಸದೇನೂ ಒಳಗೆ ಕೂತಿರಲಿಲ್ಲ.

ಆದರೂ ಖಚಿತವಾಗಬೇಕಿತ್ತು. ಮೂರು ದಿನ ರಜೆ ಹಾಕಿದೆ. ದಾಳಗಳನ್ನು ಕೋಣೆಯ ಇನ್ನೊಂದು ತುದಿಯಲ್ಲಿಟ್ಟು, ಎರಡೂ ಕೈ ತೊಡೆಯ ಕೆಳಗೆ ಅದುಮಿಕೊಂಡು, ಕಣ್ಣು ಕಾರ್ಡಿನಿಂದ ಎತ್ತದೆ ಓದಿದೆ. ದಿನಕ್ಕೆ ಮೂರು ಸಲ. "ಯಾಕೆ ಹೀಗೆ ಕೂತಿದ್ದೀಯ, ಮೇಷ್ಟ್ರ ಹತ್ರ ಏಟು ತಿಂದೋಳ ಥರ?" ಎಂದು ಒಂಬತ್ತು ಸಲವೂ ಕೇಳಿದ. ಒಂಬತ್ತರಲ್ಲಿ ಮೂರು ಸಲ ಬಲ. ಏನೂ ಗೊತ್ತಿಲ್ಲದವನಿಗೆ ಎಷ್ಟು ಬರಬೇಕೋ ಅಷ್ಟೇ.

ನಾನು ಆ ಒಂಬತ್ತು ಫಲಿತಾಂಶ ಬರೆದ ಹಾಳೆ ಹಿಡಿದು ಕನ್ನಡಕದಂಗಡಿಗೆ ಹೋದೆ. ಏಣಿ ಹಿಂದಿನ ಕೋಣೆಯಲ್ಲಿ ಗಾಜು ಸಾಣೆ ಹಿಡಿಯುತ್ತಿದ್ದ. ಯಂತ್ರ ನಿಲ್ಲಿಸಿ, ಒದ್ದೆ ಕೈ ಒರೆಸಿಕೊಂಡು, ಎಲ್ಲ ಕೇಳಿಸಿಕೊಂಡ.

"ಮೇಡಂಗೆ ಹೇಳಿದ್ರಾ?"

"ಇಲ್ಲ."

"ಹೇಳಬೇಡಿ. ಮಂಗಳವಾರ ಡಾಕ್ಟ್ರು ಬಂದಾಗ ಬಟ್ಟಲು ಕೈ ಹತ್ರನೇ ಇಟ್ಕೊಳ್ಳಿ ಅಕ್ಕ."

"ಅದು ಮೋಸ ಅಲ್ವೇನೋ?"

"ಯಾರಿಗೆ ಮೋಸ? ಆ ಡಾಕ್ಟ್ರಿಗಾ? ಅವರು ಹನ್ನೊಂದಕ್ಕೆ ಬಂದು ಹನ್ನೊಂದೂವರೆಗೆ ಹೋಗ್ತಾರೆ. ಮೇಲೆ ಹೋಗಿ ಟವೆಲ್ ಮಡಚೋದು ನಮ್ಮವನು."

ತಮ್ಮನ ಜಾಗಕ್ಕೆ ಕಾಯುತ್ತಿರುವವರೊಬ್ಬರು ಇದ್ದಾರೆ ಎಂದೆ. ಆ ವ್ಯಕ್ತಿಯಲ್ಲಿ ಏನಾದರೂ ಉಳಿಯುತ್ತಿರಬಹುದು ಎಂದೆ. ಏಣಿ ಗಾಜಿನ ಅಂಚನ್ನು ಬೆರಳಿನಿಂದ ಸವರಿದ. ಆಮೇಲೆ, "ಅವರಿಗೂ ಒಬ್ಬಳು ಅಕ್ಕ ಇದ್ರೆ ಅವಳೂ ಹೀಗೇ ಮಾಡ್ತಾಳೆ" ಎಂದ.

ಪರೀಕ್ಷಾಲಯದಲ್ಲಿ ಸರಿಯಾಗಿ ತೊಳೆಯದ ಒಂದು ಸೀಸೆಗಾಗಿ ಇಡೀ ವಾರದ ಫಲಿತಾಂಶವನ್ನು ರದ್ದು ಮಾಡಿದವಳು ನಾನು. ಮಂಗಳವಾರ ಹನ್ನೊಂದಕ್ಕೆ ಬಟ್ಟಲನ್ನು ಬಲಗೈ ಹತ್ತಿರ ಇಟ್ಟುಕೊಂಡು ಕೂತೆ.

ಡಾಕ್ಟರು ವಯಸ್ಸಾದವರು, ಮೆತ್ತಗಿನ ಮಾತು. ತಮ್ಮನ ಹಿಂದೆ ಸ್ವಲ್ಪ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡರು. ಮೇಡಂ ಬಾಗಿಲ ಬಳಿ ನಿಂತಿದ್ದರು, ನನಗೆ ಕಣ್ಣಲ್ಲೇ ಧೈರ್ಯ ಹೇಳಿದರು. ನಾನು ಉಗ್ರಾಣದ ವಾಸನೆ, ಹೇಸರಗತ್ತೆಯ ಕೂಗು, ಮೂರು ಬಾಗಿಲು ಎಲ್ಲ ಹೇಳಿದೆ.

ತಮ್ಮ ನಡುವಿನ ಬಾಗಿಲಿಗೆ ಬೆರಳಿಟ್ಟ.

ನಾನು ಕೈ ಚಾಚಿ ಬಟ್ಟಲಿನಿಂದ ಒಂದು ದಾಳ ಎತ್ತಿದೆ. ಏಳು ವಾರ ತಿಳಿಯದೆ ಮಾಡಿದ್ದನ್ನು ಮೊದಲ ಸಲ ತಿಳಿದು ಮಾಡಿದೆ. ಬಹುಶಃ ಅದಕ್ಕೇ ದಾಳ ಬಟ್ಟಲಿನ ಅಂಚಿಗೆ ತಗುಲಿ ಸದ್ದಾಯಿತು.

ತಮ್ಮ ಬೆರಳನ್ನು ನಿಧಾನವಾಗಿ ಬಲಕ್ಕೆ ಸರಿಸಿದ. "ತೆಗೆದೆ."

ಡಾಕ್ಟರು ಮುಂದೆ ಬಾಗಿದರು. ಮೇಡಂ ಎರಡೂ ಕೈ ಬಾಯಿಗೆ ಒತ್ತಿಕೊಂಡರು. ಅಷ್ಟಕ್ಕೇ ಮುಗಿದಿದ್ದರೆ ಇನ್ನಾರು ತಿಂಗಳು ಸಿಗುತ್ತಿತ್ತು.

ಆದರೆ ತಮ್ಮ ಹನ್ನೆರಡು ವರ್ಷ ಹೊಸಬರಿಗೆ ಕಲಿಸಿದವನು. ಹೊಸಬರು ಮೇಜಿನ ಬಳಿ ಕೂತಿದ್ದಾರೆ ಎಂದರೆ ಅವನಿಂದ ಸುಮ್ಮನಿರಲಾಗುವುದಿಲ್ಲ. ಕುರ್ಚಿಯನ್ನು ತಿರುಗಿಸಿಕೊಂಡು ಡಾಕ್ಟರ ಕಡೆ ನೋಡಿದ.

"ಸಾರ್, ನೀವೂ ಆಡೋಕೆ ಬಂದಿದ್ದೀರಾ? ಒಂದು ಗುಟ್ಟು ಹೇಳ್ಕೊಡ್ಲಾ?" ದನಿ ತಗ್ಗಿಸಿದ. "ಇವಳು ನಮ್ಮಕ್ಕ. ಬೇಜಾರು ಮಾಡ್ಕೋತಾಳೆ, ಆದ್ರೂ ಹೇಳ್ತೀನಿ. ಹೊಸಬಳು ನೋಡಿ. ಬಲೆ ಇರೋ ಕಡೆ ಬೆರಳಿಟ್ರೆ ಅವಳ ಕೈ ದಾಳಕ್ಕೆ ಹೋಗುತ್ತೆ." ನನ್ನ ಕಡೆ ತಿರುಗಿ ಅದೇ ರೀತಿ ಕಣ್ಣು ಕಿರಿದು ಮಾಡಿ ನಕ್ಕ. "ಇವತ್ತೇ ಕಂಡುಹಿಡಿದೆ ಅಕ್ಕಾ. ಇನ್ಮೇಲೆ ದಾಳನ ಮೊದಲಿಂದಾನೂ ಕೈಯಲ್ಲೇ ಇಟ್ಕೋ. ಆಗ ಯಾರಿಗೂ ಗೊತ್ತಾಗಲ್ಲ."

ದಾಳ ಇನ್ನೂ ನನ್ನ ಬೆರಳುಗಳ ನಡುವೆ ಇತ್ತು.

ಡಾಕ್ಟರು ನಕ್ಕರು, ಮನಸಾರೆ ನಕ್ಕರು. "ಬಹಳ ಚೆನ್ನಾಗಿ ಆಡ್ತೀರಪ್ಪ ನೀವು" ಎಂದು ಅವನ ಭುಜ ತಟ್ಟಿದರು. ಕಾರಿಡಾರಿಗೆ ಬಂದ ಮೇಲೆ ನನ್ನನ್ನು ಕೇಳಿದರು: "ನಿಮಗೆ ಇದು ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ತಲೆಯಾಡಿಸಿದರು. ಗದರಲಿಲ್ಲ. ಗದರಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆ. ಮೇಡಂ ನನ್ನ ಮುಖ ನೋಡದೆ ಫಾರಂ ತರಲು ಹೋದರು.

ಮೇಲಿನ ಅಂತಸ್ತಿಗೆ ಮೂರು ಜೊತೆ ಬಟ್ಟೆ ಮಾತ್ರ. ಎಲ್ಲವನ್ನೂ ಒಟ್ಟಿಗೆ ಒಗೆಯುವುದರಿಂದ ಕಾಲರಿನ ಒಳಗೆ ಹೆಸರಲ್ಲ, ಹಾಸಿಗೆಯ ಸಂಖ್ಯೆ ಬರೆಯಬೇಕು. ನರ್ಸು ಅಳಿಸದ ಶಾಯಿಯ ಪೆನ್ನು ಕೊಟ್ಟಳು. ನಾನು ತಮ್ಮನ ಮಂಚದ ಮೇಲೆ ಕೂತು ಬರೆಯತೊಡಗಿದೆ. ಬಟ್ಟೆಯ ಮೇಲೆ ಶಾಯಿ ಹರಡುತ್ತದೆ. ಒತ್ತದೆ, ನಿಧಾನವಾಗಿ ಬರೆಯಬೇಕು.

ತಮ್ಮ ಕಿಟಕಿಯ ಬಳಿ ನಿಂತಿದ್ದ. "ಯಾರೋ ಬಂದಿದ್ರಲ್ಲ ಅಕ್ಕಾ?"

"ಡಾಕ್ಟ್ರು."

"ಏನಂದ್ರು?"

"ಬಹಳ ಚೆನ್ನಾಗಿ ಆಡ್ತೀಯ ಅಂದ್ರು."

"ಹೌದಾ?" ಅವನಿಗೆ ತುಂಬ ಸಂತೋಷವಾಯಿತು. ಬಂದು ಪಕ್ಕದಲ್ಲಿ ಕೂತ. ನಾನು ಒಂದು ಅಂಗಿ ಮುಗಿಸಿ ಆರಲು ಇಟ್ಟು, ಇನ್ನೊಂದನ್ನು ಎಳೆದುಕೊಂಡೆ. ಅವನು ಕಾಲರು ತಿರುಗಿಸಿ ನೋಡಿದ.

"ಹದಿನೇಳು ಅಂದ್ರೆ ಏನು?"

ಹೇಳಿದೆ. ಎಲ್ಲವನ್ನೂ ಸರಿಯಾಗಿ, ಕ್ರಮವಾಗಿ ಹೇಳಿದೆ: ಮೇಲಿನ ಅಂತಸ್ತು, ಬೀಗ, ತಿಂಗಳಿಗೊಂದು ಗಂಟೆ. ಅವನ ಮುಖ ಬಿಳಿಚಿಕೊಂಡಿತು. ಸ್ವಲ್ಪ ಹೊತ್ತು ನನ್ನ ತೋಳು ಹಿಡಿದುಕೊಂಡು ಕೂತಿದ್ದ. ಪೈಜಾಮಗಳಿಗೆ ಬರೆಯುವಷ್ಟರಲ್ಲಿ ಹಿಡಿತ ಸಡಿಲವಾಯಿತು.

ಎದ್ದು ಕಿಟಕಿಯ ಬಳಿ ಹೋದ. ತಿರುಗಿ, ಆರಲು ಇಟ್ಟ ಅಂಗಿಯನ್ನು ಕೈಗೆತ್ತಿಕೊಂಡು, "ಹದಿನೇಳು ಅಂದ್ರೆ ಏನಕ್ಕಾ?" ಎಂದ.

"ಸೈಜು" ಎಂದೆ.