ಒಳಮುಖವಾಗಿ ಹೊಲಿದ ರಾಣಿ

ಮುಥನ್ನ ಬೆಳಿಗ್ಗೆಯಿಂದ ಕುಲುಮೆಗೆ ಗಾಳಿ ಒತ್ತುತ್ತಲೇ ಇದ್ದ. ಸನಾ ನಗರದ ಬೆಳ್ಳಿ ಬಜಾರಿನಲ್ಲಿ ಅವನ ಅಂಗಡಿಯಷ್ಟು ಇಕ್ಕಟ್ಟಿನದು ಇನ್ನೊಂದಿಲ್ಲ. ಮುಂದೆ ನನ್ನ ಫೋನು ಮತ್ತು ದೀಪ, ಹಿಂದೆ ಅವನ ಬೆಂಕಿ, ನಡುವೆ ಪರದೇಶದ ರಾಣಿಯೊಬ್ಬಳ ಮುಖವಿರುವ ಹಳೇ ಬೆಳ್ಳಿ ನಾಣ್ಯಗಳ ಮೂಟೆ. ರಾಣಿಯ ತಲೆಯ ಮುತ್ತುಗಳು ಎಣಿಸುವಷ್ಟು ಸ್ಪಷ್ಟವಿದ್ದರೆ ಹೊರದೇಶದ ಗಿರಾಕಿಗೆ, ಸವೆದಿದ್ದರೆ ಬೆಂಕಿಗೆ. ಬೆಳಕನ್ನು ಓರೆಯಾಗಿ ಬಿಟ್ಟು ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ ವಿಂಗಡಿಸುವುದು ನನ್ನ ಕೆಲಸ.

ಈ ಸಲ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಯುದ್ಧದಲ್ಲಿ ಹಿಟ್ಟು ಸಿಗದ ವರ್ಷ, ಇಂಥ ನಾಣ್ಯಗಳನ್ನು ಹೊಲಿದಿದ್ದ ಅಮ್ಮನ ಎದೆಪಟ್ಟಿಯನ್ನು ಅಪ್ಪ ಹಜ್ಜಾ ಊರಿನ ವ್ಯಾಪಾರಿಗೆ ಮಾರಿದ್ದ. ಈ ಮೂಟೆ ಬಂದಿದ್ದು ಅದೇ ವ್ಯಾಪಾರಿಯಿಂದ. ಪಟ್ಟಿಯ ನಡುವಿನ ನಾಣ್ಯವನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಅಮ್ಮ ನಮ್ಮನ್ನು ಮಲಗಿಸಿದ್ದಳು, ವಿಮಾನಗಳ ಸದ್ದು ಸಹಿಸಿದ್ದಳು. ಈಗ ಆ ಬೆರಳು ಬರೀ ಪಕ್ಕದ ಬೆರಳಿನ ಮೇಲೆ ಓಡಾಡುತ್ತದೆ. ಅಡುಗೆಮನೆಗೆ ಹೋಗುತ್ತಾಳೆ, ಯಾಕೆ ಹೋದೆನೆಂದು ಮರೆತು ವಾಪಸ್ಸು ಬರುತ್ತಾಳೆ. ನೋಡಿದರೆ ಕರುಳು ಚುರುಕ್ ಎನ್ನುತ್ತದೆ, ಒಮ್ಮೊಮ್ಮೆ ಸಿಟ್ಟೂ ಬರುತ್ತದೆ. ಇವತ್ತು ಅವಳ ನಾಣ್ಯ ಸಿಗದಿದ್ದರೆ ಸಂಜೆಗೆ ಅದು ಯಾರದೋ ಬಳೆಯಾಗಿರುತ್ತದೆ.

ಚಿಕ್ಕಂದಿನಲ್ಲಿ ನಾನು ಗಮನಿಸಿದ್ದು ಅವಳ ಹೆಬ್ಬೆರಳನ್ನಷ್ಟೇ, ನಾಣ್ಯದ ಯಾವ ಬದಿಯೆಂದು ನೋಡಿರಲಿಲ್ಲ. ಅಷ್ಟು ಉಜ್ಜಿದ್ದೆಂದರೆ ರಾಣಿಯ ಕೆನ್ನೆ ಸವೆದಿರಲೇಬೇಕು ಎಂದು ನನ್ನ ಲೆಕ್ಕ. ಅಂಥವನ್ನೆಲ್ಲ ಆರಿಸಿ ಮಡಿಲಲ್ಲಿಟ್ಟುಕೊಂಡೆ. ಅಮ್ಮನಿಗೆ ಬರಲು ಫೋನು ಮಾಡಿಯಾಗಿತ್ತು.

"ಕೆನ್ನೆ ಸವೆದ ರಾಣಿಯರನ್ನೆಲ್ಲ ಗುಡ್ಡೆ ಹಾಕ್ಕೊಂಡಿದ್ದೀಯಲ್ಲೋ ಘಾಲಿಬ್, ಮದುವೆ ಏನಾದ್ರೂ ಗೊತ್ತಾಗಿದ್ಯಾ?" ಎಂದ ಮುಥನ್ನ, ಅಮಲಿಗೆ ಜಗಿಯುವ ಖಾತ್ ಸೊಪ್ಪು ತುಂಬಿ ಉಬ್ಬಿದ ತನ್ನ ಕೆನ್ನೆಯನ್ನು ಸವರುತ್ತ.

"ಅಮ್ಮ ನೋಡೋವರೆಗೂ ಇವನ್ನ ಮುಟ್ಟಬೇಡ."

"ಮುಟ್ಟಲ್ಲ ಮಾರಾಯ. ಆದ್ರೆ ಬೆಂಕಿ ನಿಮ್ಮಮ್ಮನಿಗೋಸ್ಕರ ಕಾಯಲ್ಲ. ಬೇರೆ ಏನಿದ್ಯೋ ಬೇಗ ಕೊಡು."

ಉಳಿದವುಗಳಲ್ಲಿ ಒಂದು ಬಲು ಚೆಂದದ್ದಿತ್ತು. ಮುತ್ತುಗಳು ಒಂದೊಂದೂ ಎದ್ದು ನಿಂತಿದ್ದವು, ಕಣ್ಣಿನ ರೆಪ್ಪೆ ಕೂಡ ಕಾಣುತ್ತಿತ್ತು. ಆಸೆಯಿಂದ ಎರಡೂ ಬದಿಯ ಫೋಟೋ ಗಿರಾಕಿಗೆ ಕಳಿಸಿದೆ. ಕೂಡಲೇ ಉತ್ತರ ಬಂತು: ಹಿಂಬದಿ ಪೂರ್ತಿ ಹೋಗಿದೆ, ಮೇಲೆ ಬೆಸುಗೆ ಬೇರೆ, ಬೇಡ. ಹೌದು, ಹಿಂಬದಿಯ ಎರಡು ತಲೆಯ ಹದ್ದು ಬಚ್ಚಲ ಕಲ್ಲಿನ ಹಾಗೆ ನುಣ್ಣಗಾಗಿತ್ತು. ಅದನ್ನು ಮುಥನ್ನನ ತಟ್ಟೆಗೆ ಎಸೆದೆ.

ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಅಮ್ಮ ಏದುಸಿರು ಬಿಡುತ್ತ ಬಂದಳು. ಆರಿಸಿಟ್ಟಿದ್ದನ್ನೆಲ್ಲ ಅವಳ ಮುಂದೆ ಸುರಿದೆ. ಅವಳು ಒಂದನ್ನೂ ಮುಟ್ಟಲಿಲ್ಲ.

"ಇದ್ಯಾವುದೂ ಅಲ್ಲ."

"ಸರಿಯಾಗಿ ನೋಡಮ್ಮ. ನೀನೇ ಉಜ್ಜಿ ಉಜ್ಜಿ ಕೆನ್ನೆ ಸವೆಸಿದ್ದಲ್ವಾ?"

"ಕೆನ್ನೆಯಾ? ದಿನವಿಡೀ ಯಾವಳದೋ ಕೆನ್ನೆ ಸವರ್ತಾ ಕೂರೋಕೆ ನನಗೇನು ಹುಚ್ಚಾ? ನಾನು ಉಜ್ತಾ ಇದ್ದಿದ್ದು ಹಿಂದಿನ ಹಕ್ಕೀನ."

ಮುಥನ್ನ ಕಿಸಕ್ಕನೆ ನಕ್ಕ. ನನಗೆ ನಗು ಬರಲಿಲ್ಲ.

"ರಾಣಿಗೆ ಎದೆ ಮೇಲೆ ಬಟ್ಟೆ ನೆಟ್ಟಗಿಲ್ಲ," ಎಂದಳು ಅಮ್ಮ. "ಗಂಡಸರು ಓಡಾಡೋ ಮನೇಲಿ ಚೆನ್ನಾಗಿರಲ್ಲ ಅಂತ ನಮ್ಮಜ್ಜಿ ಅವಳ ಮುಖ ಒಳಗೆ ಮಾಡಿ ಪಟ್ಟಿಗೆ ಹೊಲಿದುಬಿಟ್ಟಿದ್ಲು. ನಮ್ಮನೆ ರಾಣೀ ಮುಖ ನಾನೇ ನೋಡಿಲ್ಲ. ಕೊಂಡಿ ಕಿತ್ತುಹೋದಾಗ ನಿಮ್ಮಪ್ಪ ತಾಮ್ರದ ಬೆಸುಗೆ ಹಾಕಿಸ್ಕೊಂಡು ಬಂದಿದ್ರು. ಅದೇ ಗುರುತು."

ಮೂಟೆ ದಾಟಿ ಹಿಂದಕ್ಕೆ ನುಗ್ಗಿದೆ. ತಟ್ಟೆ ಖಾಲಿಯಿತ್ತು. ಅಚ್ಚಿನಲ್ಲಿ ಬೆಳ್ಳಿಯ ಗಟ್ಟಿ ಆಗಲೇ ಮಂಕಾಗುತ್ತಿತ್ತು.

"ತಾಮ್ರದ ಬೆಸುಗೆಯದ್ದಾ?" ಮುಥನ್ನನ ದನಿ ಇಳಿಯಿತು. "ಮೊದಲು ಹಾಕಿದ್ದೇ ಅದನ್ನ. ನೀನೇ ಕೊಟ್ಟೆಯಲ್ಲೋ."

ಹೌದು, ಇಷ್ಟು ವರ್ಷ ನಾಣ್ಯ ನೋಡಿದ ನನ್ನ ಈ ಕೈಯೇ ಎಸೆದಿದ್ದು. ಗಿರಾಕಿಗೆ ಕಳಿಸಿದ್ದ ಫೋಟೋವನ್ನು ಫೋನಿನಲ್ಲಿ ತೆರೆದು ಅಮ್ಮನ ಕೈಗೆ ಕೊಟ್ಟೆ.

ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇವಳಾ ನಮ್ಮವಳು? ಮುತ್ತೆಲ್ಲ ಹಾಗೇ ಇದೆ ನೋಡು. ಒಂದನ್ನೂ ಕಳ್ಕೊಂಡಿಲ್ಲ."

ನಾನು ಹಿಂಬದಿಯ ಫೋಟೋ ತೋರಿಸಿದೆ. ತಲೆ, ರೆಕ್ಕೆ ಎಲ್ಲ ಅಳಿಸಿಹೋದ ಹಕ್ಕಿ, ಮೇಲೆ ತಾಮ್ರದ ಕೆಂಪು ಚುಕ್ಕೆ. ಅಮ್ಮನ ಹೆಬ್ಬೆರಳು ತಾನಾಗಿ ಅದರ ಮೇಲೆ ಹೋಗಿ ಉಜ್ಜಿತು. ಚಿತ್ರ ಸರಿದು ಬೇರೆ ಯಾರದೋ ನಾಣ್ಯ ಬಂತು. ಮತ್ತೆ ಅದನ್ನೇ ತಂದು ಕೊಟ್ಟೆ. ಅವಳು ಮತ್ತೆ ಉಜ್ಜಿದಳು, ಮತ್ತೆ ಸರಿಯಿತು.

"ನಿಲ್ತಾನೇ ಇಲ್ವಲ್ಲೋ ಇದು," ಎಂದಳು.

ನಾನು ಇನ್ನೊಮ್ಮೆ ತಂದು ಕೊಟ್ಟೆ.