ತೊಂಬತ್ತು ನಂಬರಿನ ಎಣ್ಣೆ

ನಮ್ಮ ಅಪ್ಪಾಜಿ ಚನ್ನಬಸವಯ್ಯನವರಿಗೆ ಗಾಣಕ್ಕಿಂತ ದೊಡ್ಡ ಆಸ್ತಿ ಎಂದರೆ ಅವರ ಮೂಗು. ಚನ್ನರಾಯಪಟ್ಟಣದಲ್ಲಿ ನಮ್ಮದು ಎಣ್ಣೆ ಗಾಣ. ಒಂದು ತೊಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ಮೂಸಿದರೆ ಸಾಕು, ಯಾವ ಊರಿನ ಎಳ್ಳು ಎಂದು ಹೇಳಿಬಿಡುತ್ತಿದ್ದರು. ಅದು ನಿಜವೋ ಸುಳ್ಳೋ, ಎದುರಾಡುವ ಗಂಡಸು ಊರಲ್ಲಿರಲಿಲ್ಲ. ಮನೆಯಲ್ಲಿ ಎಸ್.ಎಸ್.ಎಲ್.ಸಿ. ಪಾಸಾದವಳು ನಾನೊಬ್ಬಳೇ, ಪ್ರೇಮಕುಮಾರಿ. ಆ ಮೂಗಿನ ಮುಂದೆ ನನ್ನ ಓದು ಯಾವ ಲೆಕ್ಕ?

೧೯೫೮ರಲ್ಲಿ ಅಪ್ಪಾಜಿ ಹರಾಜಿನಲ್ಲಿ ಒಂದು ಹಳೆಯ ಮಿಲಿಟರಿ ಜೀಪು ಕೊಂಡು ತಂದರು. ಅದನ್ನು ಓಡಿಸಲು ಮಿಲಿಟರಿ ಬಿಟ್ಟು ಬಂದಿದ್ದ ಬೈರಯ್ಯನನ್ನು ಇಟ್ಟುಕೊಂಡರು. ಅದೇ ಹೊತ್ತಿಗೆ ನನಗೆ ಹಾಸನದಿಂದ ಕಾಗದ ಬಂತು. ಟೀಚರ್ ಟ್ರೈನಿಂಗಿಗೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸಂದರ್ಶನ, ತಡವಾದರೆ ಸೀಟಿಲ್ಲ. ಸೀಟು ತಪ್ಪಿದರೆ ಅರಕಲಗೂಡಿನ ಸೋದರತ್ತೆಯ ಮಗನಿಗೆ ನನ್ನನ್ನು ಕೊಡುವುದೆಂದು ಮಾತಾಗಿತ್ತು. ಅವನು ಕೆಟ್ಟವನೇನಲ್ಲ, ಆದರೆ ಯಾವ ಮಾತು ತೆಗೆದರೂ ಅವನ ಎಮ್ಮೆಗಳಿಗೆ ಬಂದು ನಿಲ್ಲುತ್ತಿದ್ದ.

“ಬಸ್ಸಿನಲ್ಲಿ ಹೋಗ್ತೀನಿ ಅಪ್ಪಾಜಿ,” ಅಂದೆ.

“ಮನೆ ಮುಂದೆ ಜೀಪು ನಿಲ್ಲಿಸ್ಕೊಂಡು ಬಸ್ಸಾ? ಓಗಾದಾದ್ರೆ ಜೀಪ್ನಾಗೆ ಓಗು. ಇಲ್ದಿದ್ರೆ ಓಗಾದೇ ಬ್ಯಾಡ.”

ಭಾನುವಾರ ಮಧ್ಯಾಹ್ನ ಬೈರಯ್ಯ ಜೀಪಿನ ಕೆಳಗೆ ಮಲಗಿ ಕೂಗಿಕೊಂಡ. “ಯಜಮಾನ್ರೇ, ಟ್ರಾನ್ಸ್‌ಫರ್ ಕೇಸು ಎಣ್ಣೆ ಇಲ್ದೆ ಒಣಗೋಗದೆ!”

ಅದೆಂದರೆ ಗೇರ್ ಬಾಕ್ಸಿನ ಬೆನ್ನಿಗಿರುವ ಇನ್ನೊಂದು ಕಬ್ಬಿಣದ ಪೆಟ್ಟಿಗೆ. ಒಳಗೆಲ್ಲ ಹಲ್ಲಿನ ಚಕ್ರ. ಎಂಜಿನ್ನಿನ ಬಲವನ್ನು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹಂಚುವುದು ಅದೇ. ಬೈರಯ್ಯ ಲಾರಿ ಶೆಡ್ಡಿಗೆ ಓಡಿಹೋಗಿ ಒಂದು ಡಬ್ಬ ಗೇರ್ ಆಯಿಲ್ ತಂದ. ಅಪ್ಪಾಜಿ ಮುಚ್ಚಳ ತೆಗೆದು ಮೂಸಿದವರೇ ಎರಡು ಹೆಜ್ಜೆ ಹಿಂದಕ್ಕೆ ಬಂದರು.

“ಥೂ! ಯಾವ್ದೋ ಸತ್ತ ದನದ ಕೊಬ್ಬು ಕಣ್ಲಾ ಇದು! ಎದೆ ಮ್ಯಾಲೆ ಲಿಂಗ ಕಟ್ಕೊಂಡು ಇದ್ರ ಮ್ಯಾಲೆ ಕೂತ್ಕಳ್ಳಾನಾ? ಅಲ್ದೆ, ಗಾಣದೋನು ಬ್ಯಾರೆಯೋರ ತಾವ ಎಣ್ಣೆ ತಂದ ಅಂದ್ರೆ ಊರು ನಗಾಕಿಲ್ವಾ?”

ಜೀಪಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನಾನು ಓಡಿಹೋಗಿ ತಂದೆ. ಟ್ರಾನ್ಸ್‌ಫರ್ ಕೇಸಿಗೆ ತೊಂಬತ್ತು ನಂಬರಿನ ಗೇರ್ ಆಯಿಲ್ಲೇ ಆಗಬೇಕು ಎಂದು ಓದಿ ಹೇಳಿದೆ.

“ಆ ಪುಸ್ತಕ ಬರ್ದೋನು ನಮ್ಮ ಗಾಣ ನೋಡಿದ್ನಾ?” ಅಂದರು ಅಪ್ಪಾಜಿ.

ಆಮೇಲೆ ಹೆಣ್ಣು ನೋಡುವ ಶಾಸ್ತ್ರದ ಹಾಗೆ ಎಣ್ಣೆ ನೋಡುವ ಶಾಸ್ತ್ರ ಶುರುವಾಯಿತು. ಜಗಲಿಯ ಮೇಲೆ ಸಾಲಾಗಿ ಡಬ್ಬಗಳು. ಹೊಂಗೆ ಎಣ್ಣೆಗೆ ಘಾಟು ಜಾಸ್ತಿ. ಹಿಪ್ಪೆ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಎಳ್ಳೆಣ್ಣೆ ಶನಿದೇವರ ದೀಪದ್ದು, ಜೀಪಿಗೂ ಶನಿ ಹಿಡಿದರೆ ಏನು ಗತಿ? ಕೊನೆಗೆ ಹರಳೆಣ್ಣೆ ಗೆದ್ದಿತು. ಎತ್ತಿನ ಗಾಡಿಯ ಕೀಲಿಗೆ ಆಗುವುದು ಜೀಪಿಗೆ ಯಾಕಾಗಬಾರದು? ಗಾಣದಲ್ಲಿದ್ದ ಹರಳೆಣ್ಣೆ ಸಾಲದೆ, ಅವ್ವ ತಲೆಗೆಂದು ಎತ್ತಿಟ್ಟಿದ್ದನ್ನೂ ಸುರಿದರು. ಅದೂ ಸಾಲದೆ, ಮಿಕ್ಕಿದ್ದಕ್ಕೆ ಕಡಲೆಕಾಯಿ ಎಣ್ಣೆ ತುಂಬಿದರು. ಅವ್ವ ಬಸವಲಿಂಗಮ್ಮ ಒಂದು ಮಾತೂ ಆಡಲಿಲ್ಲ. ಅವ್ವ ಸುಮ್ಮನಿದ್ದಾಗ ಹೆದರಬೇಕು ಎಂಬುದು ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಹೊಳೆಯಲಿಲ್ಲ.

ಸೋಮವಾರ ಎಂಟಕ್ಕೇ ನಾನು, ಅಪ್ಪಾಜಿ, ಬೈರಯ್ಯ ಹೊರಟೆವು. ಅವ್ವ ನನ್ನ ತೊಡೆಯ ಮೇಲೆ ಒಂದು ದೊಡ್ಡ ರೊಟ್ಟಿ ಗಂಟು ಇಟ್ಟಳು. ಶಾಂತಿಗ್ರಾಮ ದಾಟುತ್ತಿದ್ದಂತೆ ಅಪ್ಪಾಜಿ ಮೂಗರಳಿಸಿದರು.

“ಯಾರೋ ಬೋಂಡ ಕರೀತಾವ್ರೆ ಕಣ್ಲಾ ಬೈರ. ಒಳ್ಳೆ ಎಣ್ಣೆ.”

ಒಳ್ಳೆಯ ಎಣ್ಣೆಯೇ, ನಮ್ಮದೇ. ತೆಳ್ಳಗಾಗಿ ಸಂದಿಯಿಂದ ಸೋರಿ, ಕಾದ ಹೊಗೆ ಕೊಳವೆಯ ಮೇಲೆ ಬಿದ್ದು ಚುರುಗುಟ್ಟುತ್ತಿತ್ತು. ಮೂರು ನಾಯಿಗಳು ನಾಲಗೆ ಚಾಚಿಕೊಂಡು ಹಿಂದೆಯೇ ಓಡಿಬರುತ್ತಿದ್ದವು. ಸ್ವಲ್ಪ ಹೊತ್ತಿಗೆ ಜೀಪಿನ ಹೊಟ್ಟೆಯಿಂದ ಗೋಳೋ ಎಂಬ ಸದ್ದು ಬಂತು. ಬೈರಯ್ಯ ಗಾಡಿ ನಿಲ್ಲಿಸಿಬಿಟ್ಟ.

“ಇನ್ನೊಂದ್ ಮೈಲಿ ಓಡ್ಸುದ್ರೆ ಒಳಗಿರೋ ಚಕ್ರದ ಅಲ್ಲೆಲ್ಲ ಉದುರೋಯ್ತವೆ ಯಜಮಾನ್ರೇ.”

ಒಂಬತ್ತೂಕಾಲು. ನಾನು ಹತ್ತಬೇಕೆಂದಿದ್ದ ಬಸ್ಸು ನಮ್ಮ ಮೇಲೆ ಧೂಳೆಬ್ಬಿಸಿಕೊಂಡು ಆಗಲೇ ಮುಂದೆ ಹೋಗಿತ್ತು. ಹುಟ್ಟಿದಾಗಿನಿಂದ ಅಪ್ಪಾಜಿಯ ಮುಂದೆ ದನಿ ಎತ್ತದ ನಾನು ಅವತ್ತು ಕಿರುಚಿದೆ.

“ಸಂದರ್ಶನಕ್ಕೆ ನಿಮ್ಮ ಮೂಗನ್ನೇ ಕಳಿಸಿ ಅಪ್ಪಾಜಿ! ನಾನು ಎಮ್ಮೆ ಮೇಯಿಸೋಕೆ ಹೋಗ್ತೀನಿ!”

ಕೂಗಿದ ಮೇಲೆ ಅಳು ಬಂತು. ಕಣ್ಣೊರೆಸಲು ಬಟ್ಟೆ ಬೇಕೆಂದು ಗಂಟು ಬಿಚ್ಚಿದರೆ, ರೊಟ್ಟಿಯ ಕೆಳಗೆ ಅವ್ವನ ಹಳೆ ಸೀರೆ. ಸೀರೆಯೊಳಗೆ ನಿನ್ನೆಯ ಗೇರ್ ಆಯಿಲ್ ಡಬ್ಬ. ಬೈರಯ್ಯ ಆಕಾಶ ನೋಡತೊಡಗಿದ. ಅವನಿಗೂ ಗೊತ್ತಿತ್ತು, ಕಳ್ಳ.

ಅಪ್ಪಾಜಿ ಡಬ್ಬವನ್ನು ನೋಡಿದರು, ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡರು, ನನ್ನನ್ನು ನೋಡಿದರು.

“ಪ್ರೇಮ, ಸೀಟಿನ ಕೆಳಗಿರೋ ಆ ಪುಸ್ತಕ ತೆಗಿ. ಇದು ಪ್ರಾಣಿ ಕೊಬ್ಬಲ್ಲ ಅಂತ ಎಲ್ಲಾದ್ರೂ ಬರ್ದವ್ರಾ?”

ಅದರ ಬಗ್ಗೆ ಪುಸ್ತಕದಲ್ಲಿ ಒಂದಕ್ಷರವೂ ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ಪುಟ ಬಿಡಿಸಿ, ಬೆರಳಿಟ್ಟು, ಮೇಡಂ ಗತ್ತಿನಲ್ಲಿ ಓದಿದೆ. “ಇದು ಭೂಮಿಯೊಳಗಿಂದ ತೆಗೆದ ಎಣ್ಣೆ. ಯಾವ ಪ್ರಾಣಿಯ ಸೋಂಕೂ ಇಲ್ಲ.” ಅದು ನಿಜವೇ ಎಂದು ಆಮೇಲೆ ಟ್ರೈನಿಂಗಿನಲ್ಲಿ ತಿಳಿಯಿತು. ಆದರೆ ನಾನು ಮಾಡಿದ ಮೊದಲ ಪಾಠ ಮಾತ್ರ ಶುದ್ಧ ಸುಳ್ಳು.

“ಅಂಗಾರೆ ಸರಿ. ಎಷ್ಟು ಉಯ್ಯಬೇಕಂತೆ?”

“ಮೂರು ಪಿಂಟು.”

“ತೂತಿಂದ ವಾಪಸ್ ತೊಟ್ಟಿಕ್ಕೋಗಂಟ ಉಯ್ದ್ರೆ ಆಯ್ತು,” ಅಂದ ಬೈರಯ್ಯ, ಹಳೆಯದನ್ನು ರಸ್ತೆ ಪಕ್ಕಕ್ಕೆ ಬಸಿಯುತ್ತ. ನಾಯಿಗಳು ಅದಕ್ಕೆ ಮುತ್ತಿಕೊಂಡವು.

ಅಪ್ಪಾಜಿ ಬಿಳಿ ಪಂಚೆಯಲ್ಲೇ ಮಣ್ಣಿನ ಮೇಲೆ ಮಲಗಿ ಜೀಪಿನ ಕೆಳಗೆ ತೆವಳಿದರು. ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆಲಿಕೆಗೆ ಎಣ್ಣೆ ಸುರಿದರು. ಆಚೆ ಬಂದಾಗ ಊರಿಗೇ ಶುದ್ಧ ಎಣ್ಣೆ ಕೊಡುವ ಯಜಮಾನರ ಗಡ್ಡದವರೆಗೂ ತೊಂಬತ್ತು ನಂಬರು ಮೆತ್ತಿಕೊಂಡಿತ್ತು. ನಗಬೇಕೆನ್ನಿಸಿತು. ನಗಲು ಧೈರ್ಯವಾಗಲಿಲ್ಲ.

ಹತ್ತು ಇಪ್ಪತ್ತೆಂಟಕ್ಕೆ ಹಾಸನದಲ್ಲಿದ್ದೆವು. ಸೀಟು ಸಿಕ್ಕಿತು.

ಹದಿನೈದು ದಿನದ ಮೇಲೆ ಅದೇ ಜೀಪಿನಲ್ಲಿ ಟ್ರಂಕು, ಹಾಸಿಗೆ ಸಮೇತ ನನ್ನನ್ನು ಹಾಸ್ಟೆಲ್ಲಿಗೆ ತಂದು ಬಿಟ್ಟರು. ಟ್ರಂಕು ಇಳಿಸಿದ ಮೇಲೆ ಅಪ್ಪಾಜಿ ನನ್ನ ಮುಖ ನೋಡದೆ ಹೇಳಿದರು.

“ಅವತ್ತು ನೀನು ಓದ್ಲಿಲ್ಲ ಕಣವ್ವ. ನಿನ್ನ ಕಣ್ಣು ಪುಸ್ತಕದ ಮ್ಯಾಲೆ ಇರ್ಲಿಲ್ಲ, ನನ್ನ ಮ್ಯಾಲೇ ಇತ್ತು.”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. “ಗೊತ್ತಿದ್ದೂ ಯಾಕೆ ಹಾಕಿದ್ರಿ ಅಪ್ಪಾಜಿ?”

“ಓಗಾಕೆ ನಿಂಗೆ ಒತ್ತಾಗಿತ್ತಲ್ಲ, ಮಗ,” ಎಂದು ಜೀಪು ಹತ್ತಿದರು.

ಹಾಳಾದ ಜೀಪು ಒಂದಿಷ್ಟೂ ಸದ್ದು ಮಾಡದೆ, ಬೆಣ್ಣೆಯ ಹಾಗೆ ಹೊರಟಿತು. ಆ ತಿರುವಿನಲ್ಲಾದರೂ ಒಮ್ಮೆ ಕೆಟ್ಟು ನಿಲ್ಲಬಾರದೇ ಎಂದು ನಾನು ಗೇಟು ಹಿಡಿದುಕೊಂಡು ಅಳುತ್ತಾ ನೋಡುತ್ತಿದ್ದೆ.