ಕುದಿನೀರಿಗೆ ಬಿದ್ದ ಹಲ್ಲಿನ ಪ್ಲೇಟು

ಹಂಡೆಯ ಕುದಿನೀರಿಗೆ ಪ್ಲೇಟು ಹಾಕಿದವಳು ಶಿವನಂಜಮ್ಮನೇ, ಬೇರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ. ಇಕ್ಕಳದಿಂದ ಎತ್ತಿ ನೋಡಿದಳು. ಮಗಳ ಹಲ್ಲಿನ ಸಾಲಿಗೆ ಅಳತೆ ಮಾಡಿಸಿದ್ದ ಗುಲಾಬಿ ಬಣ್ಣದ ಆ ವಸ್ತು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

ಮಗಳು ಮಂಗಳಮ್ಮನನ್ನು ಕರೆದೊಯ್ಯಲು ಬೀಗಿತ್ತಿ ಭಾಗ್ಯಮ್ಮ ಆಗಲೇ ಕಡಕೊಳದಿಂದ ಹೊರಟಾಗಿತ್ತು.

ಮದುವೆಯಾಗಿ ವರ್ಷ ತುಂಬುವುದರೊಳಗೆ ಮಂಗಳಮ್ಮ ನಿದ್ದೆಯಲ್ಲಿ ಹಲ್ಲು ಕಡಿಯತೊಡಗಿದ್ದಳು. ದವಡೆ ನೋವಿಗೆ ಬಾಯಿ ತೆರೆಯಲಾಗದಿದ್ದರೂ ಯಾರಿಗೂ ತಿಳಿಯಲಿಲ್ಲ. ಮುದ್ದೆಯನ್ನು ಅಗಿಯುವವರುಂಟೇ, ನುಂಗಿದರಾಯಿತು. ಆದರೆ ಸದ್ದನ್ನು ಹೇಗೆ ಮುಚ್ಚಿಡುವುದು? "ಅಲ್ಲು ಕಡಿಯೋ ಸೊಸೆ ಮನೇಲಿದ್ರೆ ನನ್ ಮಗನ ಆಯಸ್ಸಿಗೆ ಕೇಡು. ವಾಸಿ ಮಾಡ್ಸಿ ಕಳ್ಸಿ, ಇಲ್ದಿದ್ರೆ ನೀವೇ ಮಡೀಕಳಿ" ಎಂದು ಭಾಗ್ಯಮ್ಮ ಅವಳನ್ನು ಕೆಸರೆಯ ತವರಿಗೆ ತಂದು ಬಿಟ್ಟಿದ್ದಳು. ಪಕ್ಕದಲ್ಲೇ ನಿಂತಿದ್ದ ಅಳಿಯ ಮರಿಸ್ವಾಮಿ ಅವ್ವನ ಮಾತಿಗೆ ತಲೆಯಾಡಿಸಿದ. ಮಹಾ ಗಂಡಸು.

ದೊಡ್ಡ ಡಾಕ್ಟರ ಹತ್ತಿರ ಹೋಗುವ ತಾಕತ್ತು ಇವರಿಗೆಲ್ಲಿ ಬರಬೇಕು. ಮುದುಕರಿಗೆ ಹಲ್ಲು ಕಟ್ಟಿಕೊಡುವ ಕರಿಬಸವಯ್ಯ, ಹಲ್ಲಿನ ಸೆಟ್ಟಿಗೆ ಬಳಸುವ ಸಾಮಾನಿನಲ್ಲೇ ಅಗ್ಗಕ್ಕೆ ಒಂದು ಪ್ಲೇಟು ಮಾಡಿಕೊಟ್ಟ. ಮಲಗುವಾಗ ಹಾಕಿಕೊಂಡರೆ ಹಲ್ಲಿಗೆ ಹಲ್ಲು ತಾಗುವುದಿಲ್ಲ, ತಣ್ಣೀರಿನಲ್ಲೇ ತೊಳೆಯಿರಿ ಎಂದಿದ್ದ. ಅಂದಿನಿಂದ ಮಗಳ ಪಕ್ಕದಲ್ಲಿ ಮಲಗುತ್ತಿದ್ದ ಶಿವನಂಜಮ್ಮನಿಗೆ ಸದ್ದೇ ಕೇಳಿಸಲಿಲ್ಲ. ವಾಸಿಯಾಯಿತೆಂದು ಬೀದಿಗೆಲ್ಲ ಹೇಳಿದಳು, ಕಡಕೊಳಕ್ಕೂ ಹೇಳಿಕಳಿಸಿದಳು.

ಇವತ್ತು ಮಡಿಲಕ್ಕಿ, ಕೊಬ್ಬರಿ, ಬೆಲ್ಲದ ಜೊತೆ ಅದನ್ನೂ ಟ್ರಂಕಿಗೆ ಇಡಬೇಕಿತ್ತು. ಬಾಯಿಗೆ ಹಾಕಿದ ಎಂಜಲು ವಸ್ತುವನ್ನು ಮಡಿಲಕ್ಕಿಯ ಪಕ್ಕ ಇಡುವುದುಂಟೇ? ತಣ್ಣೀರಿಗೆ ಎಂಜಲು ಹೋಗುತ್ತದೆಯೇ? ಕುದಿನೀರೇ ಸರಿ ಅಂದುಕೊಂಡಳು. ಮಾಡಿಕೊಂಡಳಲ್ಲ ಯಡವಟ್ಟು.

ನೆಟ್ಟಗೆ ಮಾಡಲು ಬಗ್ಗಿಸಿದಳು. ಪ್ಲೇಟು ಪಟ್ಟೆಂದು ಎರಡಾಯಿತು.

ತಲೆ ಬಾಚಿಕೊಂಡು ಬಂದ ಮಂಗಳಮ್ಮ ಅವ್ವನ ಕೈ ನೋಡಿದಳು.

"ನಿನ್ ಬಾಳ್ನ ನಾನೇ ಆಳು ಮಾಡ್ಬುಟ್ಟೆ ಮಗ" ಎಂದು ಶಿವನಂಜಮ್ಮ ಅತ್ತಳು. "ಅಲ್ಲೋಗಿ ಮತ್ತೆ ಕಡುದ್ರೆ ವಾಪಸ್ ಅಟ್ತಾಳೆ ಅವಳು."

"ಅಳ್ಬೇಡ ಕಣವ್ವ. ನಾನು ಅದುನ್ನ ಒಂದಿನಾನೂ ಆಕ್ಕೊಂಡು ಮಲ್ಗಿಲ್ಲ."

"ಏನಂದೆ?"

"ಬಾಯ್ಗಿಟ್ರೆ ವಾಕರಿಕೆ ಬರೋದು, ದೀಪ ಆರ್ಸಿದ್ಮೇಲೆ ತೆಗ್ದಿಟ್ಟು ಮಲಗ್ತಿದ್ದೆ. ಇಲ್ಲಿ ನೋವೂ ಇಲ್ಲ, ಕಡಿಯೋದೂ ಇಲ್ಲ. ನೀನು ಎಲ್ರಿಗೂ ಏಳ್ಕಂಡು ನಗ್ತಿದ್ದೆ, ನಾನು ಎಂಗೆ ಏಳ್ಲಿ."

"ಮತ್ತೆ ಅಲ್ಲಿ?"

ಮಂಗಳಮ್ಮ ನೆಲ ನೋಡಿದಳು. "ಅವ್ರು ಮನೆಗ್ ಬರೋ ಒತ್ತಾದ್ರೆ ದವಡೆ ತಾನೇ ಬಿಗ್ಕೋತದೆ. ಸಾರಿಗೆ ಉಪ್ಪು ಎಚ್ಚಾದ್ರೂ ಒಡೀತಾರೆ, ಕಮ್ಮಿಯಾದ್ರೂ ಒಡೀತಾರೆ. ಅತ್ತೆ ಯಾರ್ಗೂ ಕೇಳ್ದಂಗೆ ಬೀದಿ ಬಾಗ್ಲು ಎಳ್ಕೋತಾರೆ."

ಇಷ್ಟು ದಿನ ಶಿವನಂಜಮ್ಮ ಮಗಳ ಹಲ್ಲು ಕಾಯ್ದಳೇ ಹೊರತು ಯಾಕೆಂದು ಒಂದು ಮಾತು ಕೇಳಿರಲಿಲ್ಲ.

ಮನೆ ಮುಂದೆ ಜಟಕಾ ನಿಂತಿತು. "ಎಲ್ಲಾ ತಯಾರೇನಮ್ಮ?" ಭಾಗ್ಯಮ್ಮನ ದನಿ. ಹಿಂದೆಯೇ ಮರಿಸ್ವಾಮಿ ಕೆಮ್ಮುತ್ತ ಇಳಿದ.

ಮಂಗಳಮ್ಮ ಸೆರಗು ಹೊದ್ದು ಎದ್ದಳು. ಅವಳ ದವಡೆ ಬಿಗಿದು ಕಿವಿಯ ಕೆಳಗೆ ಅಡಿಕೆಯಷ್ಟು ಗಂಟು ಉಬ್ಬಿತು. ಶಿವನಂಜಮ್ಮ ಅದರ ಮೇಲೆ ಕೈಯಿಟ್ಟಳು. ಬಾಯಿ ತೆರೆಯಲು ಹೋದ ಮಗಳಿಗೆ ಆಗಲಿಲ್ಲ, ಕಣ್ಣಲ್ಲಿ ನೀರು ಬಂತು.

ಅವಳನ್ನು ಕೂರಿಸಿ ಶಿವನಂಜಮ್ಮ ಬಾಗಿಲಿಗೆ ಬಂದಳು.

"ಅಕ್ಕಾ, ನನ್ ಮಗ್ಳು ಬರಾಕಿಲ್ಲ."

"ವಾಸಿ ಆಯ್ತು ಅಂತ ಏಳಿ ಕಳ್ಸಿದ್ದೆ?"

"ಊಂ, ಇಲ್ಲಿ ವಾಸಿ ಆಗದೆ. ಅದ್ಕೇ ಕಳ್ಸಾಕಿಲ್ಲ."

"ಗಂಡನ್ನ ಬುಟ್ಟೋಳು ಅಂತಾರೆ ಕಣಮ್ಮ ಜನ."

"ಅನ್ಲಿ ಬುಡಿ. ಬಿಸ್ಲಲ್ಲಿ ಬಂದಿದ್ದೀರ, ಮಜ್ಜಿಗೆ ಕುಡ್ಕೊಂಡು ಓಗಿ" ಎಂದಳು ಶಿವನಂಜಮ್ಮ. ಬಾಗಿಲು ಬಿಟ್ಟು ಮಾತ್ರ ಅಲುಗಲಿಲ್ಲ.